ಪುಸ್ತಕದಲ್ಲಿಲ್ಲದ ಬೇರಿಂಗು

ನನ್ನ ಸೋದರಮಾವನ ಕಾರು ಹುಟ್ಟುವಾಗ ಅಷ್ಟು ಉದ್ದವಿರಲಿಲ್ಲ. ಘಟ್ಟದ ಮೇಲಿನ ಯಾರೋ ಕಾಫಿ ತೋಟದ ದೊರೆ ಅದನ್ನು ನಡುವಿನಲ್ಲಿ ಕತ್ತರಿಸಿ, ಎರಡೂವರೆ ಅಡಿ ಹೆಚ್ಚಿಗೆ ಸೇರಿಸಿ, ತನ್ನ ಬೇಟೆನಾಯಿಗಳಿಗೆಂದು ಮಧ್ಯದಲ್ಲಿ ಇನ್ನೊಂದು ಸೀಟು ಹಾಕಿಸಿದ್ದನಂತೆ. ಯುದ್ಧ ಶುರುವಾದಾಗ ದೊರೆ ಸೀಮೆಗೆ ಹೊರಟ. ನಾಯಿಗಳನ್ನು ಯಾರು ಕೊಂಡರೋ ತಿಳಿಯದು, ಕಾರನ್ನು ಮಾವ ಕೊಂಡರು.

ಮಾವ ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ದೇವಸ್ಥಾನದ ಅರ್ಚಕರ ಮನೆತನದಲ್ಲಿ ಹುಟ್ಟಿ, ಇಂಗ್ಲಿಷ್ ಕಲಿತು, ಹಿರಿಯರು ಮಂತ್ರದ ಮೇಲೆ ಇಟ್ಟಿದ್ದ ನಂಬಿಕೆಯನ್ನು ಹಾಗೆಯೇ ಅಚ್ಚಾದ ಪುಸ್ತಕದ ಮೇಲೆ ಇಟ್ಟಿದ್ದರು. ಅವರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಮಂಗಳೂರಿನ ಕಂಕನಾಡಿಯ ಅವರ ಮನೆಯಲ್ಲೇ ಇದ್ದುಕೊಂಡು ಗುಮಾಸ್ತನ ಕೆಲಸ ಮಾಡುತ್ತಿದ್ದ ನಾನು ಬಿಡುತ್ತಿದ್ದೆ. ಮಾವ ಮುಂದೆ ನನ್ನ ಪಕ್ಕದಲ್ಲಿ, ಅತ್ತೆ ನಾಯಿಗಳ ಸೀಟಿನಲ್ಲಿ. ಪೆಟ್ರೋಲು ಕೂಪನ್ನಿಗೆ ಸಿಕ್ಕಿದಷ್ಟೇ ಆದ್ದರಿಂದ ನಮ್ಮ ಸವಾರಿ ಭಾನುವಾರ ಮಾತ್ರ, ಅದೂ ಕುಲಶೇಖರದಲ್ಲಿದ್ದ ಮಗಳ ಮನೆಗೆ.

ಒಂದು ಭಾನುವಾರ ಕಾರು ನರಳತೊಡಗಿತು. ಮೊದಲು ಸಣ್ಣಗೆ, ಹೊಟ್ಟೆನೋವು ಬಂದವರ ಹಾಗೆ. ಮುಂದಿನ ವಾರ ಆ ಸದ್ದು ಏರಿ, ಕುಲಶೇಖರದ ಏರಿನಲ್ಲಿ ಯಾರೋ ಹಂದಿ ಹಿಡಿದು ಎಳೆದೊಯ್ಯುತ್ತಿದ್ದಾರೇನೋ ಎಂಬಂತೆ ಜನ ಅಂಗಳಕ್ಕೆ ಬಂದು ನೋಡುವ ಮಟ್ಟಕ್ಕೆ ಮುಟ್ಟಿತು.

ಮಾವ ಕಾರಿನೊಡನೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ತೆಗೆದರು. ‘ಸದ್ದುಗಳು’ ಎಂಬ ಅಧ್ಯಾಯವನ್ನು ಮೂರು ದಿನ ಓದಿ, ಮುಂದಿನ ಚಕ್ರಗಳದ್ದೇ ತಪ್ಪು ಎಂದು ತೀರ್ಮಾನಿಸಿದರು.

“ಚಕ್ರ ಅಲ್ಲ,” ಎಂದರು ಅತ್ತೆ. “ನಾನು ಕೂತಲ್ಲಿಯೇ, ಸರೀ ನನ್ನ ಕೆಳಗೆ. ಬಾವಿಯ ರಾಟೆ ಸವೆದರೆ ಹೀಗೇ ಕಿರುಚ್ತದೆ.”

“ಅಲ್ಲಿ ಎಂತದೂ ಇಲ್ಲ. ಪುಸ್ತಕದಲ್ಲಿ ಚಿತ್ರ ಉಂಟು, ನೋಡು. ಇಂಜಿನಿನಿಂದ ಹಿಂದಿನ ಚಕ್ರದವರೆಗೆ ಒಂದೇ ಉದ್ದದ ಶಾಫ್ಟು. ನಡುವೆ ಖಾಲಿ.”

“ಖಾಲಿ ಜಾಗ ಕಿರುಚ್ತದಾ?”

ಮಾವ ನನಗೆ ಮುಂದಿನ ಚಕ್ರ ಬಿಚ್ಚಲು ಹೇಳಿದರು. ನಾನು ಎರಡು ಸಂಜೆ ಮುಂದಿನ ಚಕ್ರಗಳನ್ನು ಬಿಚ್ಚಿ ಗ್ರೀಸು ತುಂಬಿದೆ. ಸದ್ದು ಹೋಗಲಿಲ್ಲ. ಹಿಂದಿನ ಚಕ್ರಗಳಿಗೂ ತುಂಬಿದೆ. ಸದ್ದು ಇನ್ನಷ್ಟು ಗಟ್ಟಿಯಾಯಿತು. ನನ್ನ ಎರಡು ಅಂಗಿಗಳು ಅಡಿಗೆಮನೆಯ ಮಸಿಬಟ್ಟೆಗಳಾದವು.

ಕೊನೆಗೆ ನಾನೇ ಹೋಗಿ ಒಂದು ಹಂಚಿನ ಕಾರ್ಖಾನೆಯ ಫಿಟ್ಟರರನ್ನು ಕರೆತಂದೆ. ಐವತ್ತು ದಾಟಿದ ಕ್ರೈಸ್ತರು. ನಮ್ಮಲ್ಲಿ ಅಂಥವರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಆದರೆ ಹೆಡ್‌ಮಾಸ್ಟರರೊಡನೆ ಕನ್ನಡದಲ್ಲೇ ಮಾತಾಡಬೇಕೆಂದು ಅವರು ತಾವಾಗಿ ಒಂದು ನಿಯಮ ಮಾಡಿಕೊಂಡಿದ್ದರು.

ಪೊರ್ಬುಗಳು ಬಾನೆಟ್ ತೆಗೆಯಲಿಲ್ಲ, ಚಕ್ರ ಮುಟ್ಟಲಿಲ್ಲ. “ಈ ಕಾರಿನಲ್ಲಿ ಹಿಂದೆ ಕೂರುವುದು ಯಾರು?” ಎಂದು ಕೇಳಿದರು.

“ನಾನು,” ಎಂದರು ಬಾಗಿಲಲ್ಲಿದ್ದ ಅತ್ತೆ.

“ಎಲ್ಲಿ ನಡುಗ್ತದೆ ಅಮ್ಮ?”

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಅತ್ತೆ ಅಂಗಳಕ್ಕಿಳಿದು, ಕಾರಿನೊಳಗೆ ಬಗ್ಗಿ, ಸೀಟಿನ ಕೆಳಗಿನ ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು. ಪೊರ್ಬುಗಳು ಆ ಹಲಗೆಯನ್ನೇ ಎತ್ತಿದರು. ಕೆಳಗೆ, ಎರಡು ತುಂಡಾಗಿದ್ದ ಶಾಫ್ಟಿನ ನಡುವನ್ನು ಹೊತ್ತುಕೊಂಡು, ಅಡ್ಡಪಟ್ಟಿಗೆ ಜೋತು ಒಂದು ಬೇರಿಂಗು ಕೂತಿತ್ತು. ಅದರ ಗುಂಡುಗಳಲ್ಲಿ ಅರ್ಧ ಉದುರಿಹೋಗಿದ್ದವು. ಉಳಿದವು ಮುದುಕರ ಹಲ್ಲಿನಂತೆ ಅಲ್ಲಲ್ಲಿ ಅಲುಗಾಡುತ್ತಿದ್ದವು.

“ಪುಸ್ತಕದಲ್ಲಿ ಇಲ್ಲವಲ್ಲ!” ಎಂದರು ಮಾವ.

“ಪುಸ್ತಕ ಬರೆದವ ಈ ಕಾರನ್ನು ನೋಡ್ಲಿಲ್ಲ ಮಾಸ್ಟ್ರೇ. ಕಾರನ್ನು ಉದ್ದ ಮಾಡಿದವ ಶಾಫ್ಟನ್ನೂ ಉದ್ದ ಮಾಡಬೇಕಲ್ಲ? ಒಂದೇ ತುಂಡು ಅಷ್ಟುದ್ದ ಇದ್ದರೆ ಹಗ್ಗದ ಹಾಗೆ ಬೀಸ್ತದೆ. ಅದಕ್ಕೆ ಎರಡು ತುಂಡು, ನಡುವೆ ಇದು.”

ಹೊಸ ಬೇರಿಂಗು ಯುದ್ಧಕಾಲದಲ್ಲಿ ಮಂಗಳೂರಿನಲ್ಲಿರಲಿ, ಮದರಾಸಿನಲ್ಲೂ ಸಿಗುವಂತಿರಲಿಲ್ಲ. ಗುಂಡುಗಳಿಲ್ಲದ, ಬರೀ ಹಿತ್ತಾಳೆಯ ದಪ್ಪ ಬಳೆಯೊಂದನ್ನು ಎರಕ ಹೊಯ್ದು, ಲೇತಿನಲ್ಲಿ ಕಡೆದು ಕೂರಿಸಬಹುದು ಎಂದರು ಪೊರ್ಬುಗಳು. “ಆದರೆ ಒಳ್ಳೆ ಎರಕದ ಹಿತ್ತಾಳೆ ಬೇಕು. ತೆಳು ಪಾತ್ರೆ ಆಗ್ಲಿಕ್ಕಿಲ್ಲ.”

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಒಳಗೆ ಹೋಗಿ ಮಾವನ ಪೀಕದಾನಿಯನ್ನು ತಂದು ಅಂಗಳದಲ್ಲಿ ಇಟ್ಟರು. ಎಲೆಯಡಿಕೆ ಉಗುಳಲೆಂದು ಮಾವ ಇಪ್ಪತ್ತು ವರ್ಷದಿಂದ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ, ಸಣ್ಣ ಗಂಟೆಯಷ್ಟು ತೂಕದ ಪೀಕದಾನಿ.

“ಅದು ನನ್ನದು!” ಎಂದರು ಮಾವ.

“ಉಗುಳುವುದು ನೀವು. ದಿನಾ ಹುಣಸೆಹುಳಿ ಹಾಕಿ ತಿಕ್ಕುವುದು ನಾನು. ಯಾರದ್ದು ಅಂತ ಪೊರ್ಬುಗಳೇ ಹೇಳಲಿ.”

ಪೊರ್ಬುಗಳು ಜಾಣರು. ಪೀಕದಾನಿಯನ್ನು ಗೋಣಿಚೀಲದಲ್ಲಿ ಸುತ್ತಿದರು.

ಶಾಫ್ಟು ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕಾರನ್ನು ಮುರಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ಅಡಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ. ಎರಡು ತುಂಡುಗಳು ಮೊದಲು ಹೇಗೆ ಕೂಡಿದ್ದವೋ ಹಾಗೆಯೇ ಮತ್ತೆ ಕೂಡಬೇಕು, ಗುರುತು ಮಾಡಿಯೇ ಬಿಚ್ಚು ಎಂದು ಪೊರ್ಬುಗಳು ಎರಡು ಸಲ ಹೇಳಿದ್ದರು. ನಾನು ಮಾವನ ಎಲೆಯಡಿಕೆ ತಟ್ಟೆಯ ಸುಣ್ಣದಿಂದಲೇ ಅಚ್ಚುಕಟ್ಟಾಗಿ ಗೆರೆ ಎಳೆದೆ. ಆಮೇಲೆ ಬಿಚ್ಚಿದ ಶಾಫ್ಟು ತೀರ ಕೊಳಕಾಗಿದೆ ಎನಿಸಿ, ಪೊರ್ಬುಗಳು ಮೆಚ್ಚಲಿ ಎಂದು, ಸೀಮೆಎಣ್ಣೆ ಹಾಕಿ ಫಳಫಳ ಹೊಳೆಯುವಂತೆ ಒರೆಸಿಟ್ಟೆ.

ಬುಧವಾರ ಸಂಜೆ ಹಿತ್ತಾಳೆಯ ಬಳೆಯೊಡನೆ ಬಂದ ಪೊರ್ಬುಗಳು ಶಾಫ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ಗುರುತು ಎಲ್ಲುಂಟು?”

ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. “ಒಳ್ಳೆದು ಮಾರಾಯ,” ಎಂದರು. “ನಾಲ್ಕು ಬೋಲ್ಟು. ನಾಲ್ಕು ರೀತಿಯಲ್ಲಿ ಕೂರಿಸಬಹುದು. ಮೂರು ತಪ್ಪು.”

ಮೊದಲ ಸಲ ಕೂರಿಸಿ ಓಣಿಯ ತುದಿಯವರೆಗೆ ಓಡಿಸಲು ಹೊರಟಾಗ ಪೊರ್ಬುಗಳು ತಡೆದರು. “ಅಮ್ಮ ಕೂತ್ಕೊಳ್ಳಲಿ. ನನ್ನ ಕಿವಿಗಿಂತ ಅವರ ಸೀಟು ಒಳ್ಳೆದು.” ಅತ್ತೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಗಂಭೀರವಾಗಿ ಹತ್ತಿ ಕೂತರು. ಓಣಿಯ ತುದಿಯಲ್ಲಿ ತಲೆ ಅಡ್ಡ ಆಡಿಸಿದರು. ನಾನು ಮತ್ತೆ ಕಾರಿನ ಅಡಿಗೆ ಹೋದೆ. ಎರಡನೆಯ ಸಲವೂ ತಲೆ ಅಡ್ಡವೇ ಆಡಿತು. ಮೂರನೆಯ ಸಲ ಅವರು ತಲೆ ಆಡಿಸಬೇಕಾಗಿಯೇ ಇರಲಿಲ್ಲ, ಕಾರೇ ಅವರನ್ನು ಪಾದದಿಂದ ತಲೆಯವರೆಗೆ ಆಡಿಸಿತು. ಬೇಲಿಯಾಚೆಯವರೆಲ್ಲ ನಿಂತು ನೋಡುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಎನಿಸುತ್ತಿತ್ತು. ಮಾವ ಮಾತ್ರ ಜಗಲಿಯಲ್ಲಿ ಕೂತು, ಉಗುಳಲು ಪ್ರತಿ ಸಲವೂ ಎದ್ದು ಬಾಳೆಗಿಡದ ಬುಡಕ್ಕೆ ಹೋಗಿ ಬರುತ್ತ, “ಸುಣ್ಣ! ಸುಣ್ಣ ಯಾಕೆ ಒರೆಸಿದ್ದು?” ಎಂದು ಕೇಳುತ್ತಲೇ ಇದ್ದರು.

ನಾಲ್ಕನೆಯ ಸಲ ಅತ್ತೆಯ ತಲೆ ಅಲುಗಲಿಲ್ಲ. ಕಾರು ಹಿಂದೆ ತಿರುಗಿ ಅಂಗಳಕ್ಕೆ ಬಂದು ನಿಂತರೂ ಅವರು ಇಳಿಯಲಿಲ್ಲ. “ಎಂತ ಅಮ್ಮ?” ಎಂದು ಪೊರ್ಬುಗಳು ಬಾಗಿಲು ತೆಗೆದರು.

“ಇಷ್ಟೇನಾ? ಇನ್ನೊಂದು ಸುತ್ತು ಹೋಗುವ,” ಎಂದರು ಅತ್ತೆ.

ಪೊರ್ಬುಗಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ಬಳೆಯ ನೆತ್ತಿಗೆ ಒಂದು ತೂತು ಕೊರೆದಿದ್ದೇನೆ, ಪ್ರತಿ ಸಲ ಹೊರಡುವ ಮೊದಲು ಹಲಗೆ ಎತ್ತಿ ನಾಲ್ಕು ಹನಿ ಹರಳೆಣ್ಣೆ ಬಿಡಬೇಕು ಎಂದು ಅವರು ಹೇಳಿದ್ದು ಅತ್ತೆಗೆ, ನನಗಲ್ಲ. ಅಂದಿನಿಂದ ಎಣ್ಣೆಯ ಗಿಂಡಿ ಅತ್ತೆಯ ಸುಪರ್ದಿಗೆ ಹೋಯಿತು. ಬಿಸಿಯಾದ ಹರಳೆಣ್ಣೆಯ ವಾಸನೆಗೆ ಕಾರಿನ ತುಂಬ ಬಾಣಂತಿಯ ಕೋಣೆಯ ಗಾಳಿ.

ಭಾನುವಾರ ಕುಲಶೇಖರಕ್ಕೆ ಹೊರಟೆವು. ಏರಿನಲ್ಲಿ ಕೂಡ ಕಾರು ತುಟಿಪಿಟಕ್ಕೆನ್ನಲಿಲ್ಲ. ಆದರೆ ಅತ್ತೆ ಬಾಯಿ ತೆರೆದರು. ಸದ್ದಿನ ದೆಸೆಯಿಂದ ಎಷ್ಟೋ ವಾರ ಒಳಗೇ ಉಳಿದಿದ್ದ ಮಾತುಗಳು ಒಂದೊಂದಾಗಿ ಹೊರಬಂದವು: ಸೋರುವ ಅಡಿಗೆಮನೆಯ ಮಾಡು, ಮಾವನ ತಂಗಿಯ ನಾಲಿಗೆ, ತವರಿನ ಮದುವೆಗೆ ಕಳಿಸದೇ ಇದ್ದದ್ದು. ಮಾವ ಕುತ್ತಿಗೆ ತಿರುಗಿಸದೆ ದಾರಿಬದಿಯ ತೆಂಗಿನ ಮರಗಳನ್ನು ನೋಡುತ್ತ ಕೂತಿದ್ದರು.

ಮಗಳ ಮನೆಯ ಗೇಟಿನಲ್ಲಿ ಕಾರು ನಿಂತಾಗ ಒಳಗಿನವರಿಗೆ ನಾವು ಬಂದದ್ದು ತಿಳಿಯಲೇ ಇಲ್ಲ. ಜಗಲಿಯ ಕಂಬಕ್ಕೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಮಾವನ ಅಳಿಯ ಬೀಡಿ ಸೇದುತ್ತಿದ್ದರು. ಮದುವೆಯಾಗಿ ಏಳು ವರ್ಷವಾಗಿತ್ತು. ಕಾಫಿಯನ್ನೂ ಮುಟ್ಟದ ಸಾಧು ಎಂದೇ ಮಾವ ಅವರನ್ನು ಊರೆಲ್ಲ ಹೊಗಳಿದ್ದರು. ಕಣ್ಣು ಬಿಟ್ಟವರು ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದು ನಿಂತರು. “ಬನ್ನಿ, ಬನ್ನಿ,” ಎನ್ನುತ್ತಿದ್ದವರ ಬೆರಳ ಸಂದಿಯಿಂದ ಹೊಗೆ ಬರುತ್ತಿತ್ತು.

ಮಾವ ಅಂಗಳದ ದಾಸವಾಳದ ಗಿಡವನ್ನು ಬಹಳ ಹೊತ್ತು ಮೆಚ್ಚಿಕೊಂಡು ನಿಂತರು.

ಮರುವಾರ ಕುಲಶೇಖರದ ತಿರುವು ಬಂದಾಗ ಮಾವ ನನ್ನ ಮೊಣಕೈ ಮುಟ್ಟಿದರು.

“ಇಲ್ಲಿಂದಲೇ ಹಾರ್ನ್ ಹೊಡಿ,” ಎಂದರು. “ಸ್ವಲ್ಪ ಉದ್ದಕ್ಕೆ ಹೊಡಿ.”