ಬಸ್ಸು ಹೋಗುವ ದಾರಿಯ ಮನೆ

ಆ ಭಾನುವಾರ ಸಂಜೆ ನಮ್ಮ ಜಗಲಿಯಲ್ಲಿ ನಾಲ್ವರಿದ್ದೆವು: ನಾನು, ಅಂಗಳದಾಚೆಯ ಮನೆಯ ನನ್ನ ತಮ್ಮ, ಅವನ ಹೆಂಡತಿ, ಮತ್ತೆ ಮುಂಬೈಯಲ್ಲಿ ಬಹುಕಾಲ ಹೋಟೆಲು ನಡೆಸಿ ಈಗ ಊರಿಗೆ ಬಂದು ಕೂತಿರುವ ಪಕ್ಕದ ಮನೆಯವರು. ಬ್ರಹ್ಮಾವರದ ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಲಾರಿ ಹೋದಾಗಲೆಲ್ಲ ಮಾತು ನಿಲ್ಲಬೇಕು, ಹೋದ ಮೇಲೆ ಮತ್ತೆ ಶುರುವಾಗಬೇಕು. ಹಲಸಿನ ಹಪ್ಪಳ ಕಾಯಿಸಿ ತಂದಿಟ್ಟಿದ್ದೆ. ಎಲ್ಲರ ಬಾಯಿಯೂ ತುಂಬಿರುವಾಗ ಹೇಳಿಬಿಡುವುದು ವಾಸಿ ಅನಿಸಿ ಹೇಳಿದೆ, ನಾನು ನ್ಯೂಜಿಲೆಂಡಿಗೆ ಹೋಗುತ್ತೇನೆ ಅಂತ.

"ಎಲ್ಲಿಗೆ?" ಅಂದ ತಮ್ಮ. "ಅದ್ ಕೋಟೇಶ್ವರ ದಾಟಿ ಬತ್ತಾ ಅಕ್ಕ?"

"ನಗಾಡ್ಬೇಡ. ಟಿಕೇಟಿನ್ ದರವೂ ಕಂಡಾಯ್ತ್."

"ಯಾರೊಟ್ಟಿಗೆ ಅತ್ಗೆ?" ತಮ್ಮನ ಹೆಂಡತಿ ಕೇಳಿದಳು.

"ಕಾಂಬ. ಇನ್ನೂ ಸುಮಾರ್ ದಿನ ಇತ್ತಲೆ."

ಪಕ್ಕದ ಮನೆಯವರು ಆ ದೇಶಕ್ಕೆ ಹೋಗಿಬಂದವರು. ಅವರಿಗೆ ಉಮೇದು ಬಂತು. "ಟೂರಿನವ್ರೊಟ್ಟಿಗೆ ಹೋಯ್ಕ್ ಸಿಸ್ಟ್ರೇ. ಅಡುಗೆ ಭಟ್ರೇ ಒಟ್ಟಿಗೆ ಬತ್ರ್. ಬೆಳಿಗ್ಗೆ ಉಪ್ಪಿಟ್ಟ್, ರಾತ್ರಿ ಸಾರನ್ನ. ಅದ್ ಬ್ಯಾಡ ಅಂದ್ರೆ ಗಾಡಿ ಬಾಡಿಗೆಗೆ ತಕಣಿ. ನಮ್ಮಂಗೇ ಎಡಬದಿ ಬಿಡುದ್. ಗಾಡಿ ಇಲ್ದೆ ಅಲ್ಲಿ ಆಪ್ದಲ್ಲ, ಬಿಲ್ಕುಲ್ ಆಪ್ದಲ್ಲ."

"ನಂಗೆ ಸೈಕಲ್ಲೇ ಬತ್ತಿಲ್ಲೆ."

"ಅಕ್ಕಂಗೆ ಗಾಡಿ ಎಂತಕ್ಕೆ?" ತಮ್ಮ ಇನ್ನೊಂದು ಹಪ್ಪಳ ಮುರಿದ. "ಕೈ ಅಡ್ಡ ಹಿಡಿದ್ರೆ ಆಯ್ತ್. ಜೀವಮಾನ ಇಡೀ ಬಸ್ಸ್ ನಿಲ್ಸಿದವ್ಳ್ ಅಲ್ದಾ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನೋಡಿ, ನನ್ನ ಪ್ರಯಾಣದ ಇಡೀ ಲೆಕ್ಕಾಚಾರ ನಿಂತದ್ದೇ ಆ ಕೈಯ ಮೇಲೆ.

ನಾನು ಶಿರೂರಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದವಳು. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರ ಮನೆಗೆ ಭೇಟಿ, ಇಂಥ ಕೆಲಸ. ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸು ಹತ್ತಿ, ಕುಂದಾಪುರದಲ್ಲಿ ಬದಲಿಸಿ, ಬೈಂದೂರು ದಾಟಿ ಹೋಗುವುದು. ನಮ್ಮ ಕಡೆಯ ಬಸ್ಸುಗಳಿಗೆ ನಿಲ್ದಾಣ ಅಂತ ಇರುವುದು ಹೆಸರಿಗೆ. ಇಳಿಯುವವರ ಗೇಟು ಎಲ್ಲಿದೆಯೋ ಅಲ್ಲೇ ನಿಲ್ದಾಣ. ಲಸಿಕೆಯ ಪೆಟ್ಟಿಗೆ ಹಿಡಿದು ನಾನು ಗದ್ದೆಯಂಚಿನಲ್ಲಿ ಓಡಿ ಬರುವುದು ಕಂಡರೆ ಕಂಡಕ್ಟರು ಕೂಗುತ್ತಿದ್ದರು: "ಹ್ವಾಯ್, ಹೋಲ್ಡಾನ್! ಸಿಸ್ಟ್ರ್ ಬತ್ತಾ ಇದ್ರ್!" ಬಸ್ಸು ತುಂಬ ಜನ ಕಾದು ಕೂರುತ್ತಿದ್ದರು. ಯಾರೂ ಗೊಣಗಿದ್ದು ನೆನಪಿಲ್ಲ. ಗೊಣಗಿದ್ದರೂ ಸದ್ದಿಗೆ ನನಗೆ ಕೇಳಿಸಿರಲಿಕ್ಕಿಲ್ಲ.

ನನಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಕೆಲಸ ಇರುವವರೆಗೆ ಒಂಟಿತನ ಅಂದರೆ ಏನೆಂದು ಯೋಚಿಸಲಿಕ್ಕೆ ಪುರುಸೊತ್ತಿರಲಿಲ್ಲ. ನಿವೃತ್ತಿಯಾಯಿತು, ರಸ್ತೆ ಅಗಲವಾಯಿತು, ಕಂಡಕ್ಟರುಗಳೆಲ್ಲ ಹೊಸಬರಾದರು. ಈಗಲೂ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ. ಆದರೆ ಅದು ಒಂದು ಸೀಟು ತುಂಬಲಿಕ್ಕೆ ನಿಲ್ಲುವುದು, ನನಗೋಸ್ಕರ ಅಲ್ಲ. ವ್ಯತ್ಯಾಸ ಹತ್ತುವಾಗಲೇ ಗೊತ್ತಾಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಮೊಬೈಲು ಹಿಡಿದು ಆ ದೇಶದ ನಕ್ಷೆ ನೋಡುವುದು ಅಭ್ಯಾಸವಾಯಿತು. ಅದರ ಪಶ್ಚಿಮದ ಅಂಚು ನಮ್ಮ ಬೈಂದೂರಿನ ಹಾಗೆಯೇ. ಒಂದು ಬದಿ ಕಡಲು, ಇನ್ನೊಂದು ಬದಿ ಗುಡ್ಡ, ನಡುವೆ ಒಂದೇ ರಸ್ತೆ. ಮೂಡಣದಿಂದ ಬೆಟ್ಟ ದಾಟಿ ಬರಲಿಕ್ಕೆ ರೈಲಿದೆ, ಆಮೇಲೆ ಕಡಲ ಬದಿಗೆ ದಿನಕ್ಕೊಂದು ಬಸ್ಸು. ಇಷ್ಟಿದ್ದರೆ ಕಾರು ಎಂತಕ್ಕೆ? ಎರಡು ಊರುಗಳ ಮಧ್ಯೆ, ಕಡಲಿಗೆ ಮುಖ ಮಾಡಿದ ಒಂದು ಮನೆ ಬಾಡಿಗೆಗೆ ಸಿಗುವುದು ಕಂಡಿತು. ಚಿತ್ರದಲ್ಲಿ ಅದರ ಗೇಟಿನ ಮುಂದೆಯೇ ರಸ್ತೆ. ಬಸ್ಸು ಅದೇ ರಸ್ತೆಯಲ್ಲಿ ಹೋಗುವುದು. ಇನ್ನೇನು ಬೇಕು! ಗೇಟಿನಲ್ಲೇ ಇಳಿದರಾಯಿತೆಂದು ಕಾದಿರಿಸಿದೆ.

ಕಾದಿರಿಸಿದ್ದು ಎರಡು ಮಂಚದ ಕೋಣೆ. ಅಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ. ದರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜ ಏನೆಂದರೆ, ಯಾರಾದರೂ "ನಾನೂ ಬತ್ತೆ" ಅನ್ನಬಹುದು ಎಂದು ಕಾಯುತ್ತಿದ್ದೆ. ಅದಕ್ಕೇ ಹಪ್ಪಳ ಕಾಯಿಸಿ ಎಲ್ಲರನ್ನೂ ಕೂರಿಸಿ ಹೇಳಿದ್ದು. ಸಲಹೆಗಳು ಬಂದವು, ತಮಾಷೆ ಬಂತು. ಆ ಒಂದು ಮಾತು ಬರಲಿಲ್ಲ.

ಆ ವಾರದಲ್ಲೇ ಕಡಲ ಎದುರಿನ ಆ ಮನೆಯ ಯಜಮಾನತಿಗೆ ಬರೆದು ಕೇಳಿದೆ: ನಾನು ಬಸ್ಸಿನಲ್ಲಿ ಬರುತ್ತೇನೆ, ನಿಮ್ಮ ಗೇಟಿನ ಹತ್ತಿರ ಇಳಿಸಲಿಕ್ಕೆ ಕಂಡಕ್ಟರಿಗೆ ಏನು ಗುರುತು ಹೇಳಲಿ? ಮರವೋ ಅಂಗಡಿಯೋ ಏನಾದರೂ ಇದೆಯೇ?

ಅವರಿಂದ ಬಹಳ ವಿನಯದ ಉತ್ತರ ಬಂತು: ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ಇರುವುದಿಲ್ಲ. ಬಸ್ಸು ನಮ್ಮ ಮನೆಯ ಮುಂದೆ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ನಿಲ್ಲುವ ಊರು ಬಹಳ ದೂರ, ಅಲ್ಲಿಂದ ಇಲ್ಲಿಗೆ ಬಾಡಿಗೆ ವಾಹನವೂ ಸಿಗುವುದಿಲ್ಲ. ನೀವಿಬ್ಬರೂ ಕಾರಿನಲ್ಲಿ ಬರುವುದೇ ಒಳ್ಳೆಯದು.

ಬಸ್ಸಿನ ವಿಷಯ ಓದಿ ನನ್ನ ಬೆಪ್ಪುತನಕ್ಕೆ ನಗು ಬಂತು. ಕೈ ಅಡ್ಡ ಹಿಡಿದು ಲೋಕ ಸುತ್ತುತ್ತೇನೆಂದು ಹೊರಟವಳಲ್ಲವೇ! "ನೀವಿಬ್ಬರೂ" ಎಂಬಲ್ಲಿಗೆ ಬಂದಾಗ ಆ ನಗು ನಿಂತಿತು.

ಇನ್ನು ಸುಮ್ಮನೆ ಕಾದು ಕೂರುವುದಲ್ಲ, ಬಾಯಿಬಿಟ್ಟು ಕೇಳುವುದೇ ಎಂದು ಮಾರನೆಯ ದಿನ ಶಿರೂರಿನ ಬಸ್ಸು ಹತ್ತಿದೆ. ಅಲ್ಲಿಯ ಅಂಗನವಾಡಿಯಲ್ಲಿ ಟೀಚರಾಗಿದ್ದವರೊಬ್ಬರು ನನ್ನ ಹಳೆಯ ಜೊತೆ. ಮನೆಮನೆ ತಿರುಗಿದ್ದು ಒಟ್ಟಿಗೆ, ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿದ್ದೂ ಒಟ್ಟಿಗೆ. ಹೋದಾಗ ಅವರು ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು. ನೀರು ಬೆಲ್ಲ ಕೊಟ್ಟು ಕೂರಿಸಿದರು. ನಾನು ಸುತ್ತು ಬಳಸದೆ ಹೇಳಿದೆ.

"ಟೀಚರೇ, ನೀವೂ ಬನ್ನಿ. ಇಬ್ರೂ ಹೋಪ."

"ಅಯ್ಯೋ ಸಿಸ್ಟ್ರೇ! ಎಂತ ಇತ್ತ್ ಅಲ್ಲಿ?"

"ಕಡಲಿತ್ತ್."

"ಕಡಲಾ? ಹಿತ್ಲ್ ದಾಟ್ರೆ ಇಲ್ಲೂ ಇತ್ತಲೆ! ಅದನ್ನ ಕಾಂಬುಕೆ ವಿಮಾನ ಹತ್ತುದಾ?" ಅವರು ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಮೆಣಸನ್ನು ಕೈಯಲ್ಲಿ ಹರಡುತ್ತ ಹೇಳಿದರು.

"ಮಗ್ಳ್ ಬಾಣಂತನ, ಮೊಮ್ಮಗ, ಹೇಳುಕೆ ಬೇಕಾದಷ್ಟ್ ನೆಪ ಇತ್ತ್. ನಿಮ್ಮತ್ರ ಎಂತಕ್ಕೆ ಸುಳ್ಳ್? ನಂಗೆ ಆಸೆಯೇ ಇಲ್ಲೆ ಸಿಸ್ಟ್ರೇ. ತಿರ್ಗಿದ್ದ್ ಸಾಕಾಯ್ತ್. ನೀವ್ ಬೇಜಾರ್ ಮಾಡ್ಬೇಡಿ."

"ಬೇಜಾರ್ ಎಂತದ್."

"ನಿಮ್ಗ್ ಆಸೆ ಇತ್ತಲೆ? ಹಂಗಾರೆ ನೀವ್ ಹೋಯ್ ಬನ್ನಿ."

ಊಟ ಮಾಡಿಸದೆ ಬಿಡಲಿಲ್ಲ. ಹಿಂದೆ ಬರುವಾಗ ಒತ್ತಿನೆಣೆ ಗುಡ್ಡದ ಇಳಿಜಾರಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತೆ. ಕೋಪ ಬರಲಿಲ್ಲ. ಬಂದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆಸೆ ನನ್ನದು, ಅದನ್ನು ಹೊರಲಿಕ್ಕೆ ಇನ್ನೊಬ್ಬರನ್ನು ಹುಡುಕುತ್ತಿದ್ದೆ. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಗುರುತಿನ ಮುಖ ಒಂದಾದರೂ ಸಿಗಬಹುದೆಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಡಲ ಎದುರಿನ ಆ ಮನೆಯನ್ನು ಬಿಟ್ಟುಕೊಟ್ಟೆ. ಬಿಡಲಿಕ್ಕೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಅದರ ಬದಲು ಬಸ್ಸು ನಿಲ್ಲುವ ಊರಿನಲ್ಲೇ, ನಿಲ್ದಾಣದಿಂದ ಚೀಲ ಎಳೆದುಕೊಂಡು ನಡೆದು ಹೋಗುವಷ್ಟು ಹತ್ತಿರ ಒಂದು ಕೋಣೆ ಹಿಡಿದೆ. ಅದರ ಕಿಟಕಿಯಿಂದ ಕಾಣುವುದು ಒಂದು ದಿನಸಿ ಅಂಗಡಿಯ ಹಿಂಭಾಗ. ಆಮೇಲೆ ಉಳಿದ ಊರುಗಳದ್ದನ್ನೂ ಒಂದೊಂದಾಗಿ ತೆಗೆದು ಒಂದು ಮಂಚದ ಕೋಣೆ ಮಾಡಿದೆ.

ಅಂಗಳ ದಾಟಿ ಬಂದ ನನ್ನ ತಮ್ಮ ಬಾಗಿಲಲ್ಲೇ ನಿಂತ. "ಒಬ್ಳೇಯಾ ಅಕ್ಕ?"

"ಹೌದ್. ಒಬ್ಳೇ."

"ಬೆಂಗ್ಳೂರ್ ವಿಮಾನ ನಿಲ್ದಾಣದವರೆಗೆ ನಾನ್ ಕಾರಲ್ ಬಿಡ್ತೆ."

"ಎಂತಕ್ಕೆ? ರಾತ್ರಿ ಬಸ್ಸಿತ್ತಲೆ."

"ಬಸ್ಸಿತ್ತ್, ಬಸ್ಸಿತ್ತ್!" ಎಂದು ಸಿಡುಕಿ ಹೋದ. ಸಂಜೆ ಅವನ ಹೆಂಡತಿ ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ತಂದುಕೊಟ್ಟಳು. ಯಾರೊಟ್ಟಿಗೆ ಎಂದು ಆಮೇಲೆ ಅವಳು ಕೇಳಲಿಲ್ಲ.

ಅಲ್ಲಿಯ ಬೇಸಗೆ ಮುಗಿಯುವ ಮೊದಲು ಹೋದೆ. ರೈಲಿನಲ್ಲಿ ಬೆಟ್ಟ ದಾಟಿದೆ, ಮಾರನೆಯ ದಿನ ಕಡಲ ಬದಿಯ ಬಸ್ಸು ಹತ್ತಿದೆ. ಮೊದಲ ಊರಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಹತ್ತಿ, ನನ್ನ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆ. ಅವರಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತಂತೆ, ದಾರಿಯುದ್ದಕ್ಕೂ ಅದನ್ನೇ ಹೇಳಿದರು. ಅರ್ಧ ಅರ್ಥವಾಯಿತು, ಉಳಿದದ್ದಕ್ಕೆ ತಲೆಯಾಡಿಸಿದೆ. ಎರಡು ತಾಸಿನ ನಂತರ ಅವರ ಊರು ಬಂತು. ಇಳಿಯುವಾಗ ನನ್ನ ಭುಜ ತಟ್ಟಿ ಹೋದರು. ಆಮೇಲೆ ಆ ಸೀಟಿಗೆ ಯಾರೂ ಬರಲಿಲ್ಲ. ನಾನು ನನ್ನ ಚೀಲವನ್ನು ಅಲ್ಲಿಟ್ಟೆ.