ಫೋನು ಹತ್ತದ ಕೋಣೆ

ರೇಣುಕಾ, ನೀನು ಫೋನು ಮಾಡುತ್ತಿದ್ದೆ. ದಿನಾ ಸಂಜೆ, ಎಮ್ಮೆ ಹಿಂಡಿ ಕೈ ತೊಳೆದುಕೊಂಡ ಮೇಲೆ, ತಪ್ಪದೆ ಮಾಡುತ್ತಿದ್ದೆ. ಮಾಡಲೇ ಇಲ್ಲ ಎಂದು ನಿನ್ನ ಮಗಳಿಗೆ ಹೇಳಿದವಳು ನಾನು—ನಿನ್ನ ಗಂಡನ ಅಕ್ಕ, ನೀನು ನಂಬಿ ಕೂಸನ್ನು ಒಪ್ಪಿಸಿ ಹೋದವಳು.

ಆರು ವರ್ಷವಾಯಿತು. ಸಿಂಚನಾಳನ್ನು ಒಂದನೇ ಇಯತ್ತೆಗೆ ಹಾಕಲು ನೀನು ಮತ್ತು ನನ್ನ ತಮ್ಮ ಬಸು ಐರಣಿಯಿಂದ ರಾಣೇಬೆನ್ನೂರಿಗೆ ಬಂದು, ನನ್ನ ಮನೆಯಲ್ಲಿ ಬಿಟ್ಟು ಹೋದಿರಿ. ನನ್ನ ಗಂಡ ತೀರಿಹೋಗಿ, ಬೀಜದ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಒಬ್ಬಳಿಗೆಂದು ಅಕ್ಕಿ ಅಳೆದು ಕುಕ್ಕರಿಗೆ ಹಾಕುವುದಿದೆಯಲ್ಲ—ಅದು ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕೂಸು ಬಂದ ದಿನ ಒಂದು ಮುಷ್ಟಿ ಹೆಚ್ಚು ಹಾಕಿದೆ. ಅಷ್ಟಕ್ಕೇ ನನಗೆ ಅಳು ಬಂತು.

ಮೊದಲ ಹದಿನೈದು ದಿನ ಅವಳು ನಿನ್ನ ದನಿ ಕೇಳಿದ್ದೇ ತಡ, "ಅವ್ವಾ, ಬಾರ, ನನ್ನ ಕರಕೊಂಡು ಹೋಗು" ಎಂದು ಫೋನು ಹಿಡಿದುಕೊಂಡೇ ನೆಲಕ್ಕೆ ಉರುಳಾಡುತ್ತಿದ್ದಳು. ಅವಳ ಕಣ್ಣೀರು ಒರೆಸುತ್ತಿದ್ದೆ, ನಿಜ. ಆದರೆ ಒಳಗೊಳಗೆ ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲಲ್ಲ, ನಿನ್ನ ಮೇಲೆ.

ಆಗಲೇ ಬೇಸ್‌ಮೆಂಟಿನಲ್ಲಿ ಅವಳಿಗೊಂದು ಆಟದ ಕೋಣೆ ಮಾಡುವ ಯೋಚನೆ ಬಂದದ್ದು. ಬೀಜದ ಚೀಲ ಇಡುತ್ತಿದ್ದ ಕೋಣೆ ಅದು. ಬೀಜಕ್ಕೆ ಹಚ್ಚಿದ ಔಷಧದ ವಾಸನೆ ಹೋಗಲೆಂದು ಗೋಡೆಯ ಸಿಮೆಂಟಿನ ಗಿಲಾಯಿ ಪೂರ್ತಿ ಕೆರೆಸಿ ಹೊಸದು ಮಾಡಿಸಿದೆ. ಕಂಬದ ಮೂಲೆಗಳಿಗೆ ಸ್ಪಂಜು ಸುತ್ತಿ, ಮೇಲೆ ನನ್ನ ಹಳೇ ಇಳಕಲ್ ಸೀರೆ ಹೊಲಿದೆ. ಮೆಟ್ಟಿಲಿನ ಪಕ್ಕ ಅವಳ ಕೈಗೆ ನಿಲುಕುವಂತೆ ಇನ್ನೊಂದು ಹಿಡಿಕೆ. ಒಳಗಿನ ಚಿಲಕ ಕೀಳಿಸಿದೆ—ಒಬ್ಬಳೇ ಹಾಕಿಕೊಂಡು ಸಿಕ್ಕಿಬಿದ್ದಾಳೆಂದು. ಗೋಡೆಯ ಅರ್ಧಕ್ಕೆ ಕಪ್ಪು ಬಣ್ಣ, ಬೇಕಾದ್ದು ಬರೆಯಲಿ ಎಂದು. ಹಾಸಿದ ಜಮಖಾನದ ಕೆಳಗೆ ದಪ್ಪ ಮ್ಯಾಟು. ಇಷ್ಟೆಲ್ಲ ಬುದ್ಧಿ ಓಡಿಸಿದವಳಿಗೆ ಫೋನಿನ ಆ ಒಂದು ವಿಷಯದಲ್ಲಿ ಮಾತ್ರ ಏನಾಗಿತ್ತು ಎಂದು ಯಾರಾದರೂ ಕೇಳಿಯಾರು. ಏನೂ ಆಗಿರಲಿಲ್ಲ. ಗೊತ್ತಿದ್ದೇ ಮಾಡಿದೆ.

ಕರೆಂಟಿನ ಕೆಲಸದ ಮೆಹಬೂಬ ಭಾಯಿ ಕೇಳಿದ್ದ: "ಅಕ್ಕಾರ, ಕೆಳಗ ಫೋನ್ ಹತ್ತಂಗಿಲ್ರಿ. ಒಂದು ವೈರ್ ಎಳದು ವೈಫೈ ಡಬ್ಬಿ ಕೂಡಸ್ಲೇನ್ರಿ?"

"ಬ್ಯಾಡ ಬಿಡಪಾ. ಕೂಸು ಆಡೂ ಜಾಗ, ಅಲ್ಲಿ ಫೋನ್ ಯಾಕ?"

"ಖರೇ ಅಂದ್ರಿ ನೋಡ್ರಿ!" ಎಂದು ಮೆಚ್ಚಿಕೊಂಡ. ಓಣಿಯ ತಾಯಂದಿರೂ ನೋಡಲು ಬಂದು ಹೊಗಳಿದರು—ಮಕ್ಕಳನ್ನು ಫೋನಿನಿಂದ ದೂರ ಇಡುವ ಜಾಣೆ ನಾನು! ಹೊಗಳಿಸಿಕೊಂಡೆ, ರೇಣುಕಾ. ನಕ್ಕು ಚಹಾ ಕೊಟ್ಟೆ.

ನಿನ್ನ ಫೋನು ಬರುವುದು ಏಳಕ್ಕೆ. ಆರೂವರೆಗೆ ಅವಳನ್ನು ಕೆಳಗೆ ಕರೆದೊಯ್ಯುತ್ತಿದ್ದೆ. ಗೊಂಬೆ, ಬಣ್ಣ, ಚೌಕಾಬಾರ, ನನ್ನ ಕಥೆ. ಫೋನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿಯುತ್ತಿದ್ದೆ, ಹತ್ತುವುದಿಲ್ಲವೆಂದು ಗೊತ್ತಿತ್ತಲ್ಲ. ಮರುದಿನ ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ನೀನು ಕೇಳಿದರೆ, "ಕೆಳಗ ಆಟದಾಗ ಇದ್ಲವಾ, ಎಷ್ಟು ಕರದ್ರೂ ಮ್ಯಾಲ ಬರಲಿಲ್ಲ" ಎನ್ನುತ್ತಿದ್ದೆ. ಅವಳು, "ಅತ್ತೀ, ಅವ್ವ ಫೋನ್ ಹಚ್ಚಿದ್ಲೇನು?" ಎಂದರೆ, "ಇಲ್ಲವಾ, ಅಕಿಗೆ ಕೆಲಸ ಭಾಳ." ಅವಳು ಓದಲು ಕಲಿತ ಮೇಲೆ, ಮೆಟ್ಟಿಲು ಹತ್ತಿ ಬಂದೊಡನೆ ಬಂದು ಬೀಳುವ ನಿನ್ನ ಮಿಸ್ಡ್ ಕಾಲಿನ ಮೆಸೇಜುಗಳನ್ನು ಅಳಿಸತೊಡಗಿದೆ. ಅಲ್ಲಿಯವರೆಗೆ ಏನೇನೋ ನೆಪ ಹೇಳಿಕೊಂಡಿದ್ದೆ, ಕೂಸು ಅಳಬಾರದು, ಓದು ಕೆಡಬಾರದು ಎಂದು. ಅಳಿಸುವಾಗ ಮಾತ್ರ—ಯಾವ ನೆಪವೂ ಉಳಿಯಲಿಲ್ಲ.

ದಿನಾ ಬರುತ್ತಿದ್ದ ಫೋನು ವಾರಕ್ಕೊಮ್ಮೆ ಆಯಿತು. ಯಾಕೆ ಮಾತಾಡುವುದಿಲ್ಲ ಎಂದು ನೀನು ಅವಳನ್ನು ಕೇಳಲಿಲ್ಲ, ಅವಳೂ ನಿನ್ನನ್ನು ಕೇಳಲಿಲ್ಲ. ಇಬ್ಬರಿಗೂ ಒಂದೇ ಹಟ, ಒಂದೇ ರಕ್ತ. ಒಮ್ಮೆ ಶೇಂಗಾ ಉಂಡಿ ಕಟ್ಟಿಕೊಂಡು ಬಂದೆ ನೀನು, ನೆನಪಿದೆಯಾ? ಡಬ್ಬಿ ತೆಗೆದು ಒಂದು ಅವಳತ್ತ ಚಾಚಿದೆ. ಅವಳು ನನ್ನ ಮುಖ ನೋಡಿ, "ತಗೊಳ್ಳೇನು ಅತ್ತೀ?" ಎಂದಳು. ನಿನ್ನ ಕೈ ಹಾಗೇ ನಿಂತಿತು. ನನಗೆ ಆ ಕ್ಷಣ ಆದದ್ದು ಸಂತೋಷ. ಥೂ—ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಹೋದ ವಾರ ನಿನಗೆ ಜ್ವರವೆಂದು ಬಸು ಫೋನು ಮಾಡಿ ನಿನ್ನ ಕೈಗೆ ಕೊಟ್ಟ. ಮಾತಾಡು ಎಂದು ಸಿಂಚನಾಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. "ನಾ ಸಣ್ಣಾಕಿ ಇದ್ದಾಗ ಅಕಿಗೆ ನನ್ನ ನೆನಪಿರಲಿಲ್ಲ. ಈಗ ನಾ ಯಾಕ ಮಾತಾಡ್ಲಿ?" ಎಂದಳು. ಲೈನಿನಲ್ಲಿ ನೀನೇ ಇದ್ದೆ. ಎಲ್ಲ ಕೇಳಿಸಿಕೊಂಡೆ ನೀನು. "ಇರ್ಲಿ ಬಿಡ್ರಿ ಅಕ್ಕಾರ, ಒತ್ತಾಯ ಮಾಡಬ್ಯಾಡ್ರಿ," ಎಂದೆ. ನನ್ನನ್ನು ಬಯ್ಯಬೇಕಾದ ಬಾಯಿ ನನಗೇ ಸಮಾಧಾನ ಹೇಳಿತು.

ಹನ್ನೆರಡು ವರ್ಷದ ಹುಡುಗಿ ಅವಳೀಗ. ಗೊಂಬೆ-ಬಣ್ಣ ಎಲ್ಲ ಹಾಗೇ ಇವೆ ಕೆಳಗೆ, ಅವಳು ಇಳಿಯುವುದಿಲ್ಲ. ನನ್ನ ಜೊತೆಗೂ ಮಾತು ಕಡಿಮೆ. ತಾಯಿ ಮರೆತಳು ಎಂದುಕೊಂಡು ಬೆಳೆದ ಕೂಸು ಬೇರೆ ಯಾರನ್ನು ತಾನೇ ಪೂರ್ತಿ ನಂಬೀತು? ನಾನು ಅವಳನ್ನು ನನ್ನವಳಾಗಿ ಮಾಡಿಕೊಳ್ಳಲಿಲ್ಲ ರೇಣುಕಾ, ಯಾರವಳೂ ಅಲ್ಲದಂತೆ ಮಾಡಿದೆ.

ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಐರಣಿಗೆ ಬರುತ್ತೇನೆ. ನಿಮ್ಮ ತಾಯಿ-ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಇದನ್ನು ಓದುತ್ತೇನೆ. ಬರೆದಿಟ್ಟುಕೊಂಡದ್ದು ಅದಕ್ಕೇ, ಬಾಯಿಮಾತಿಗೆ ಬಿಟ್ಟರೆ ನನ್ನ ನಾಲಿಗೆ ಮತ್ತೆ ಹೊರಳೀತು. ಕ್ಷಮಿಸು ಎಂದು ಕೇಳಲಾರೆ. ಆಮೇಲೆ ಅವಳು ಎಲ್ಲಿರಬೇಕೆಂಬುದನ್ನು ನೀವಿಬ್ಬರೇ ಮಾತಾಡಿಕೊಳ್ಳಿ, ನಾನು ನಡುವೆ ಬಾಯಿ ಹಾಕುವುದಿಲ್ಲ.

ಈಗಷ್ಟೇ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು: "ಎಷ್ಟು ದಿನದ್ದು ಅರಿಬಿ ಇಟ್ಕೊಳ್ಳಲಿ ಅತ್ತೀ?"

ಎರಡು ದಿನದ್ದು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಎಲ್ಲಾ ಇಟ್ಕೋವಾ," ಎಂದೆ.