ಮೂಲೆ ಹರಿದ ಲಕೋಟೆ

ನಮ್ಮ ಓಬಜ್ಜಿಯ ಕಾಗದಗಳಿಗೆ ಎರಡು ಮನೆ ಇದ್ದವು. ಒಳ್ಳೆ ಸುದ್ದಿಯವೆಲ್ಲ ನಡುಮನೆಯ ಕಂಬಕ್ಕೆ ನೇತುಹಾಕಿದ ತಂತಿಯಲ್ಲಿ ಒಂದರ ಮೇಲೊಂದು ಚುಚ್ಚಿಕೊಂಡು, ಒಲೆಯ ಹೊಗೆಗೆ ಕಂದಿ ಕೂತಿರುತ್ತಿದ್ದವು. ಇನ್ನೊಂದರಲ್ಲಿ ಒಂದೇ ಒಂದು ಕಾಗದ. ಅದು ಕುರಿ ಕೂಡುವ ರೊಪ್ಪದ ಗೋಡೆಯ ಸಂದಿಯಲ್ಲಿ, ಬಿದಿರಿನ ಕೊಳವೆಯೊಳಗೆ. ಅದು ಮನೆಯ ಹೊಸ್ತಿಲು ದಾಟಿರಲಿಲ್ಲ. ಅದನ್ನು ಯಾರೂ ಓದಿರಲೂ ಇಲ್ಲ.

ಓಬಜ್ಜಿ ನಮ್ಮಪ್ಪನ ತಾಯಿ. ಮಾಡದಕೆರೆ ಕಡೆಯ ಕುರಿ ಸಾಕುವ ಮನೆತನ. ಅಕ್ಷರ ಬರುತ್ತಿರಲಿಲ್ಲ, ಆದರೆ ಕಾಗದ ಬಂದರೆ ಮೊದಲು ಮೂಲೆ ನೋಡುತ್ತಿದ್ದಳು. ಮೂಲೆಗೆ ಅರಿಶಿಣ ಹಚ್ಚಿದ್ದರೆ ಶುಭ. ಮೂಲೆ ಹರಿದಿದ್ದರೆ ಸಾವು. ಸಾವಿನ ಕಾಗದವನ್ನು ಬಾಗಿಲಾಚೆಯೇ ಓದಿಸಿ, ಹರಿದು ಹಾಕಿ, ತಲೆ ಮೇಲೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ನಮ್ಮ ಕಡೆ ಅದೇ ರೂಢಿ.

ಅಪ್ಪ ಅವ್ವ ಇಲ್ಲದ ಅಜ್ಜಿಗೆ ತವರು ಅಂದರೆ ಒಬ್ಬ ಅಣ್ಣ, ತಿಪ್ಪಣ್ಣ. ಅವಳ ಮದುವೆಗೆ ಒಂದು ಹಿತ್ತಾಳೆ ಚೊಂಬು ಕೊಟ್ಟು, ಚಿಕ್ಕಜಾಜೂರಿಗೆ ಹೋಗಿ ರೈಲ್ವೆ ಗ್ಯಾಂಗು ಸೇರಿಕೊಂಡವನು. ಯಾರ ಕೈಲಾದರೂ ಬರೆಸಿ ಕಾಗದ ಹಾಕುತ್ತಿದ್ದ, ಊರಿನ ಮೇಷ್ಟ್ರು ಓದಿ ಹೇಳುತ್ತಿದ್ದರು. ಒಂದರಲ್ಲಿ ಚಳಿಜ್ವರ ಬಂದು ಮಲಗಿದ್ದೇನೆ ಅಂತಿತ್ತು. ಅದರ ಹಿಂದೆಯೇ ಬಂದ ಲಕೋಟೆಯ ಮೂಲೆ ಹರಿದಿತ್ತು.

ಆಗ ಅಜ್ಜಿಗೆ ಹದಿನಾರೋ ಹದಿನೇಳೋ. ಹೊಟ್ಟೆಯಲ್ಲಿ ನಮ್ಮಪ್ಪ. ತಾತ ಕುರಿ ಹೊಡೆದುಕೊಂಡು ಸೀಮೆ ಬಿಟ್ಟು ಹೋಗಿದ್ದ. ಅಂಚೆಯವನು ‘ಮೇಷ್ಟ್ರ ತಾವ ಓದ್ಸಮ್ಮ’ ಅಂದರೆ ಅಜ್ಜಿ ಒಪ್ಪಲಿಲ್ಲ. ಓದದ್ದನ್ನು ಹರಿಯುವ ಹಾಗಿಲ್ಲ, ಮೂಲೆ ಹರಿದದ್ದನ್ನು ಮನೆಯೊಳಗೆ ಇಡುವ ಹಾಗಿಲ್ಲ. ಅದಕ್ಕೇ ರೊಪ್ಪದ ಗೋಡೆ. ಆರು ತಿಂಗಳ ಮೇಲೆ ತಾತ ಬಂದು ‘ಚಿಕ್ಕಜಾಜೂರಿಗೆ ಹೋಗಿ ಕೇಳ್ಕಂಡು ಬರ್ತೀನಿ’ ಅಂದರೂ ಬಿಡಲಿಲ್ಲವಂತೆ.

‘ಯಾಕಜ್ಜಿ?’ ಅಂತ ನಾನು ಸಣ್ಣವಳಿದ್ದಾಗ ಕೇಳಿದ್ದೆ.

‘ಓದ್ಸಿದ್ರೆ ಸತ್ತೋಗ್ತಾನೆ ಕಣೇ. ಓದ್ಸದಿದ್ರೆ ಎಲ್ಲೋ ಒಂದ್ಕಡೆ ಅವ್ನೆ. ಓದಿದ್ರೂ ನಮ್ಮ ರಕ್ತದೋರೇ ಓದ್ಲಿ. ಬ್ಯಾರೇರ ಬಾಯಾಗೆ ನಮ್ಮಣ್ಣ ಸಾಯಬಾರ್ದು.’

ಎರಡನೇ ಕ್ಲಾಸಿನಲ್ಲಿ ‘ನಾನು ಓದ್ತೀನಿ’ ಅಂದೆ. ‘ಇನ್ನೂ ಸಾಲ್ದು’ ಅಂದಳು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ‘ಸಾಲ್ದು’. ಪಿಯುಸಿ ಮುಗಿಸಿ ಬಂದೆ. ‘ಇನ್ನೂ ಮ್ಯಾಲೆ ಐತಂತಲ್ಲ, ಅದೂ ಆಗ್ಲಿ’ ಅಂದಳು. ‘ಹೆಣ್ಣು ಹುಡುಗಿಗೆ ಯಾಕವ್ವ ಇಷ್ಟು ಓದು?’ ಅಂತ ಅಪ್ಪ ರೇಗಿದರೆ, ‘ನನ್ನ ಕಾಗದ ನೀನು ಓದ್ತೀಯೇನಲೇ?’ ಅಂತ ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಮೆಟ್ಟಿಲಿಗೆ ನನ್ನನ್ನು ತಳ್ಳಿದ್ದು ಅಜ್ಜಿಯ ಭಯ.

ಚಿತ್ರದುರ್ಗದ ಕಾಲೇಜಿಗೆ ಅರ್ಜಿ ಕೊಡುವ ದಿನ, ನನಗೆ ತಿಳಿಯದ ಹಾಗೆ ಅರ್ಜಿಯ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿಬಿಟ್ಟಿದ್ದಳು. ಗುಮಾಸ್ತರು ಕನ್ನಡಕ ಏರಿಸಿ, ‘ಏನಮ್ಮ ಇದು, ಸಾರು ಚೆಲ್ಕಂಡ್ಯಾ?’ ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ಅತ್ತುಬಿಟ್ಟೆ. ‘ತಗಂಡ್ರೋ ಇಲ್ವೋ?’ ಅಂತ ಕೇಳಿದಳು ಅಜ್ಜಿ. ‘ತಗಂಡ್ರು.’ ‘ಮತ್ಯಾಕ್ ಅಳ್ತೀಯ?’

ಬಿ.ಎ. ಪಾಸಾದ ಸುದ್ದಿ ಬಂದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಮಾರನೇ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ರೊಪ್ಪದ ಹತ್ತಿರ ಕರೆದು, ಅದರ ಮುಂದಿನ ಕಲ್ಲಿನ ಮೇಲೆ ಕೂರಿಸಿದಳು. ತಲೆಗೆ ಹುಯ್ದುಕೊಳ್ಳಲು ಒಂದು ಕೊಡ ನೀರು ಆಗಲೇ ತಂದಿಟ್ಟುಕೊಂಡಿದ್ದಳು. ಕೊಳವೆಯ ಬಾಯಿಗೆ ತುರುಕಿದ್ದ ಉಣ್ಣೆ ಕಿತ್ತು, ಬೇವಿನೆಲೆ ಉದುರಿಸಿ, ಲಕೋಟೆಯನ್ನು ನನ್ನ ಕೈಗಿಟ್ಟಳು.

‘ಗಟ್ಟಿಯಾಗಿ ಓದು. ಮನಸಿನಾಗೆ ಓದ್ಕಂಡು ಚಂದ ಮಾಡಿ ಹೇಳಬ್ಯಾಡ.’

‘ಅಜ್ಜಿ, ಬ್ಯಾಡ ಅನ್ಸಿದ್ರೆ...’

‘ನಿನ್ನ ಬಿ.ಎ. ಮುಗೀತೋ ಇಲ್ವೋ?’

‘ಮುಗೀತು.’

‘ಹಂಗಾರೆ ಓದು.’

ಲಕೋಟೆ ಬಿಡಿಸಿ ಒಳಗಿನ ಹಾಳೆ ತೆಗೆದೆ. ಮಡಿಕೆಗಳು ಅಂಟಿಕೊಂಡಿದ್ದವು. ಮೆಲ್ಲಗೆ ಬಿಚ್ಚಿದೆ. ಹಾಳೆಯ ನಾಲ್ಕು ಮೂಲೆಯೂ ನೆಟ್ಟಗಿದ್ದವು. ನಾಲ್ಕಕ್ಕೂ ಹಳದಿ. ನಾನು ಮೊದಲ ಅಕ್ಷರ ಹುಡುಕುವುದರೊಳಗೆ ಅಜ್ಜಿ ಓದಿ ಮುಗಿಸಿದ್ದಳು.

‘ಅರಿಶಿಣ ಐತಲ್ಲೇ’ ಅಂದಳು.

‘ಓದು’ ಅಂದಳು. ಓದಿದೆ. ‘ಚಿ. ಸೌ. ಓಬಮ್ಮನಿಗೆ ನಿನ್ನ ಅಣ್ಣ ತಿಪ್ಪಣ್ಣನ ಆಶೀರ್ವಾದಗಳು. ಇತ್ತ ಕ್ಷೇಮ. ಜ್ವರ ಬಿಟ್ಟಿದೆ. ಬರುವ ಹುಣ್ಣಿಮೆಗೆ ನನ್ನ ಮದುವೆ ಗೊತ್ತಾಗಿದೆ. ನಮಗೆ ಹಿರಿಯರಿಲ್ಲ, ನೀನೇ ಬಂದು ಕಳಸ ಹಿಡಿಯಬೇಕು. ಹಿಂದಿನ ದಿನ ಟೇಸನ್ನಿನಲ್ಲಿ ಕಾದಿರುತ್ತೇನೆ. ನೀನು ಬಾರದೆ ಹಸೆಮಣೆ ಮೇಲೆ ಕೂರುವುದಿಲ್ಲ.’

ಮದುಮಗನ ಹಿಂದೆ ಕಳಸ ಹಿಡಿದು ನಿಲ್ಲುವವಳು ಅವನ ಒಡಹುಟ್ಟಿದವಳು. ಅಜ್ಜಿ ಹೋಗಿರಲಿಲ್ಲ. ತಂಗಿ ಮುನಿದಳು ಅಂದುಕೊಂಡನೋ ಏನೋ, ಅವನು ಮತ್ತೆ ಬರೆಯಲಿಲ್ಲ. ‘ಟೇಸನ್ನಿಂದು ಇನ್ನೊಂದ್ಸಲ ಓದು’ ಅಂದಳು ಅಜ್ಜಿ. ಓದಿದೆ. ಲಕೋಟೆಯ ಹರಿದ ಮೂಲೆಯನ್ನು ಬೆರಳಿನಲ್ಲಿ ಸವರುತ್ತಾ ಹೇಳಿದಳು: ‘ಹರಿದಿದ್ದು ಮ್ಯಾಲಿನ ಚೀಲ ಕಣೇ. ಬರೋ ದಾರ್ಯಾಗೆ ಹರಿದೈತೆ. ನಾನು ಸಾವಿಗೇ ಹರಿದವ್ರೆ ಅಂದ್ಕಂಡೆ.’

ಕೊಡದ ನೀರನ್ನು ಕುರಿಗಳಿಗೆ ಹುಯ್ದಳು. ಕಾಗದವನ್ನೂ ಲಕೋಟೆಯನ್ನೂ ಒಳಗೆ ಒಯ್ದು ತಂತಿಗೆ ಚುಚ್ಚಿದಳು.

ಆಮೇಲೆ ‘ಹೋಗಾಣ ನಡಿ’ ಅಂತ ಒಂದೇ ಹಟ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಚಿಕ್ಕಜಾಜೂರಿಗೆ ಹೋದೆವು. ಅವಳ ಮಡಿಲಲ್ಲಿ ಆ ಹಿತ್ತಾಳೆ ಚೊಂಬು. ಸ್ಟೇಷನ್ನಿನಲ್ಲಿದ್ದ ಒಬ್ಬ ಮುದಿ ಪೋರ್ಟರು ತಲೆಯಾಡಿಸಿದ. ‘ಆ ಕಾಲದ ಗ್ಯಾಂಗಿನೋರು ಯಾರವ್ರೆ ಅಜ್ಜಿ? ಎಲ್ಲೆಲ್ಲಿಗೋ ಎತ್ತಾಕಿದ್ರು. ತಿಪ್ಪಣ್ಣ ಅಂದ್ರೆ ಈ ಸೀಮೇಲಿ ಕಲ್ಲು ಎತ್ತಿದ್ರೊಬ್ಬ ಸಿಗ್ತಾನೆ.’ ಅವನು ನಕ್ಕ, ಅಜ್ಜಿಯೂ ನಕ್ಕಳು.

ನಲ್ಲಿಯಲ್ಲಿ ಚೊಂಬು ತುಂಬಿಸಿ, ಸೆರಗಿನ ಗಂಟಿನಿಂದ ಐದು ವೀಳ್ಯದೆಲೆ ತೆಗೆದು ಅದರ ಬಾಯಿಗೆ ಜೋಡಿಸಿದಳು. ತಾತ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಂಡನಿಲ್ಲದವಳು ಕಳಸ ಹಿಡಿಯಬಾರದು ಅನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಪ್ಲಾಟ್‌ಫಾರಮ್ಮಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತಳು. ಜನ ತಿರುತಿರುಗಿ ನೋಡಿದರು. ಪೋರ್ಟರಿಗೆ ಮನಸ್ಸು ತಡೆಯಲಿಲ್ಲ. ‘ಗಾಡಿ ಲೇಟೈತೆ, ಕುಂತ್ಕಳ್ರಿ ಅಜ್ಜಿ’ ಅಂದ.

‘ಕಳಸ ಹಿಡ್ದೋಳು ಕುಂತ್ಕಬಾರ್ದಪ್ಪ.’

ಗಾಡಿ ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಗಾಡಿ ಕಣ್ಮರೆಯಾಗುವ ತನಕ ನಿಂತಿದ್ದು, ಚೊಂಬಿನ ನೀರನ್ನು ಅಲ್ಲೇ ಇದ್ದ ಬೇವಿನ ಬುಡಕ್ಕೆ ಹುಯ್ದಳು. ‘ತಡಾತು ಕಣಣ್ಣ’ ಅಂದಳು.

ಮುಂದಿನ ವರ್ಷ ಅಜ್ಜಿ ತೀರಿಹೋದಳು. ನೆಂಟರಿಗೆಲ್ಲ ಕಾರ್ಡು ಬರೆಯುವ ಕೆಲಸ ನನಗೇ ಬಿತ್ತು. ಮನೆಯಲ್ಲಿ ಬರೆಯಬಲ್ಲವಳು ನಾನೊಬ್ಬಳೇ. ರೊಪ್ಪದ ಮುಂದಿನ ಅದೇ ಕಲ್ಲಿನ ಮೇಲೆ ಕೂತು, ದುಂಡಗೆ, ಬಿಡಿಬಿಡಿಯಾಗಿ ಬರೆದೆ. ಅಪ್ಪ ಕಾರ್ಡುಗಳನ್ನು ತಿರುವಿ ನೋಡಿದ.

‘ಮೂಲೇನೇ ಹರಿದಿಲ್ವಲ್ಲೇ. ಬಿ.ಎ. ಓದಿ ಇಷ್ಟೂ ತಿಳೀಲಿಲ್ವಾ?’

‘ಓದಿಸ್ಕಂಡು ತಿಳ್ಕಳ್ಳಿ ಬಿಡಪ್ಪ’ ಅಂದೆ.

ಅಪ್ಪ ತೆರೆದ ಬಾಗಿಲಿನಿಂದ ನಡುಮನೆಯ ತಂತಿಯ ಕಡೆ ನೋಡಿದ. ಕಾರ್ಡುಗಳನ್ನು ಹಾಗೇ ಜೇಬಿಗಿಟ್ಟುಕೊಂಡು ಅಂಚೆ ಡಬ್ಬಿಯ ಕಡೆ ಹೊರಟ.